ಮೊಟ್ಟೆಯ ಹೊಳಪು, ಪಫ್‌ನ ಪದರ

ಕ್ರಿಸ್‌ಮಸ್ ಪಾರ್ಟಿಗೆಂದು ಫೆಲ್ಸಿಬಾಯಿ ಖಾರದ ಪಫ್‌ಗಳ ಮೇಲೆ ಕಲಕಿದ ಮೊಟ್ಟೆ ಸವರುತ್ತಿದ್ದರು. ಒಂದು ಪಫ್‌ನ ಮೇಲಿಂದ ಮೊಟ್ಟೆ ಅಂಚಿಗೆ ಇಳಿಯತೊಡಗಿತು.

"ಮೇಲೆಯೇ ಇರು. ಅಂಚು ಅಂಟಿಕೊಂಡರೆ ನಾವು ಬಿಚ್ಚಿಕೊಂಡು ಏಳಲಾರೆವು," ಎಂದವು ಹಿಟ್ಟಿನ ಪದರಗಳು.

"ನನ್ನ ಹೊಳಪಿಲ್ಲದೆ ನಿಮ್ಮನ್ನು ಯಾರು ಮೂಸಿ ನೋಡುತ್ತಾರೆ?" ಎಂದು ಗದರಿದ ಮೊಟ್ಟೆ, ಬೇಕೆಂದೇ ಅಂಚಿನ ಸುತ್ತಲೂ ಹರಿಯಿತು.

ಓವನ್‌ನಲ್ಲಿ ಬೇಯುವಾಗ ಉಳಿದ ಪಫ್‌ಗಳೆಲ್ಲ ಚೆನ್ನಾಗಿ ಉಬ್ಬಿದವು. ಇದೊಂದು ಮಾತ್ರ ಚಪ್ಪಲಿಯಂತೆ ಚಪ್ಪಟೆಯಾಗಿ ಬೆಂದಿತು. ಫೆಲ್ಸಿಬಾಯಿ ಸಿಡುಕುತ್ತ ಅದನ್ನು ನಾಯಿಯ ತಟ್ಟೆಗೆ ಎಸೆದರು.

"ಇಲ್ಲಿಯೂ ನಾನು ಎಷ್ಟು ಹೊಳೆಯುತ್ತಿದ್ದೇನೆ ನೋಡಿ," ಎಂದಿತು ಮೊಟ್ಟೆ.

ಪದರಗಳು ಉರಿದುಬಿದ್ದವು. "ಹೊಳೆಯುತ್ತಲೇ ಇರು. ನಮ್ಮನ್ನು ಏಳಗೊಡದ ನೀನು ಏರಿದ್ದು ಈ ನಾಯಿಯ ತಟ್ಟೆಗೇ."