ಜಿಮ್ಮಿಯ ಒಡೆಯ

ಕಪಿಲಾ ನದಿಯ ದಂಡೆಯಲ್ಲೊಂದು ಪುಟ್ಟ ಆಶ್ರಮ. ಅಲ್ಲೊಬ್ಬ ಗುರು. ವಯಸ್ಸು ಎಂಬತ್ತು ದಾಟಿತ್ತು, ಕಣ್ಣು ಮಂಜಾಗಿತ್ತು. ಸುತ್ತಲಿನ ಜನ ಅವರನ್ನು ‘ಬುದ್ಧಿ’ ಎಂದು ಕರೆಯುತ್ತಿದ್ದರು.

ಆಶ್ರಮದಿಂದ ನದಿಗೆ ಮೂವತ್ತೆರಡು ಮೆಟ್ಟಿಲು. ಬೆಳಗ್ಗೆ ಗುರುಗಳು ಸ್ನಾನಕ್ಕೆ ಇಳಿಯುವಾಗ ಅವರ ಎಡಗೈ ಹಿಡಿದುಕೊಳ್ಳುವವನು ಶಿಷ್ಯ ಗುರುಮಲ್ಲ. ಬಲಗಡೆ ಒರಟು ಕಲ್ಲಿನ ಗೋಡೆ. ಗುರುಗಳು ಬಲಗೈಯನ್ನು ಆ ಗೋಡೆಗೆ ಊರಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

ಸಂಜೆ ಗುರುಗಳ ತರಚಿದ ಬಲ ಅಂಗೈಗೆ ಹರಳೆಣ್ಣೆ ಹಚ್ಚುವವನೂ ಗುರುಮಲ್ಲನೇ.

ಹನ್ನೊಂದು ವರ್ಷದಿಂದ ಈ ಎರಡು ಕೆಲಸಗಳನ್ನು ಅವನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಜ್ವರ ಬಂದ ದಿನವೂ ಕಂಬಳಿ ಹೊದ್ದುಕೊಂಡು ಬಂದು ಕೈ ಹಿಡಿದಿದ್ದ. ಭಕ್ತರು ಯಾರಾದರೂ, “ಇವತ್ತು ನಾವು ಹಿಡ್ಕೊಳ್ಳಾಣ್ವಾ?” ಎಂದರೆ, “ಬುದ್ಧಿಯೋರ ನಡಿಗೆ ನಿಮಗೆ ತಿಳಿಯಲ್ಲ, ಬಿಡಿ” ಎಂದುಬಿಡುತ್ತಿದ್ದ.

ಆ ಕೈ ತನ್ನದು ಎಂದೇ ಅವನು ತಿಳಿದಿದ್ದ. ಗುರುಗಳ ಕೈ ಗುರುಗಳದ್ದು ಎಂಬುದು ಅವನಿಗೆ ಮರೆತೇ ಹೋಗಿತ್ತು.

ಹೀಗಿರುವಾಗ ಆಶ್ರಮಕ್ಕೆ ಷಡಕ್ಷರಿ ಎಂಬ ಹೊಸ ಶಿಷ್ಯ ಬಂದ. ಹೆಗಲಿಗೆ ಒಂದು ಚೀಲ, ಕಂಕುಳಲ್ಲಿ ಒಂದು ಪುಟ್ಟ ಬಿಳಿ ನಾಯಿ.

“ಬುದ್ಧಿ, ಇದು ನಮ್ಮವ್ವ ಸಾಕಿದ್ದು. ಅವ್ವ ಹೋದ್ರು. ಇದನ್ನ ಎಲ್ಲಿ ಬಿಡ್ಲಿ ಅಂತ ತಿಳೀಲಿಲ್ಲ.”

“ಹೆಸರೇನಪ್ಪ?”

“ಷಡಕ್ಷರಿ, ಬುದ್ಧಿ.”

“ನಿಂದಲ್ಲಪ್ಪ, ನಾಯೀದು.”

“ಜಿಮ್ಮಿ, ಬುದ್ಧಿ.”

ಗುರುಗಳು ನಕ್ಕರು. ಜಿಮ್ಮಿ ನೇರ ಹೋಗಿ ಅವರ ಮಡಿಲು ಹತ್ತಿ ಕುಳಿತಿತು.

ಗುರುಮಲ್ಲ ಹತ್ತಿರ ಬಂದದ್ದೇ ತಡ, ಬೊಗಳತೊಡಗಿತು. ಅಂಗೈ ಅಗಲದ ನಾಯಿ. ಆದರೆ ಅದರ ಗಂಟಲು ಆಚೆ ದಡಕ್ಕೆ ಕೇಳಿಸುವಂತಿತ್ತು.

ಅಂದಿನಿಂದ ಆಶ್ರಮದ ಶಾಂತಿ ಹಾಳಾಯಿತು. ಯಾರು ಗುರುಗಳ ಹತ್ತಿರ ಬಂದರೂ ಬೊಗಳು. ಕೈ ಮುಗಿದರೆ ಬೊಗಳು, ಕಾಲಿಗೆ ಬಿದ್ದರೆ ಇನ್ನೂ ಜೋರು. ಧ್ಯಾನಕ್ಕೆ ಕುಳಿತವರು ಬೆಚ್ಚಿ ಕಣ್ಣು ಬಿಡುತ್ತಿದ್ದರು.

ಗುರುಮಲ್ಲನಿಗೆ ನಾಯಿಗಿಂತ ಹೆಚ್ಚು ಉರಿದದ್ದು ಬೇರೆಯದೇ. ಷಡಕ್ಷರಿ ಸಂಜೆ ವಚನ ಓದುತ್ತಿದ್ದ. ಓದಿ ಮುಗಿಸಿದರೆ ಗುರುಗಳು, “ಇನ್ನೊಂದು ಸಲ ಓದಪ್ಪ” ಎನ್ನುತ್ತಿದ್ದರು.

ಹನ್ನೊಂದು ವರ್ಷದಲ್ಲಿ ಗುರುಮಲ್ಲ ಎಷ್ಟೋ ವಚನ ಓದಿದ್ದ. ‘ಇನ್ನೊಂದು ಸಲ’ ಎಂಬ ಮಾತು ಅವನ ಪಾಲಿಗೆ ಒಂದು ದಿನವೂ ಬಂದಿರಲಿಲ್ಲ.

ಅವನಿಗೆ ಹೊಟ್ಟೆಕಿಚ್ಚಾಯಿತು. ಊಟ ಸೇರಲಿಲ್ಲ. ಇವತ್ತು ವಚನ, ನಾಳೆ ಕೈ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು.

ಒಂದು ದಿನ ಅವನು ಗುರುಗಳ ಮುಂದೆ ನಿಂತ.

“ಬುದ್ಧಿ, ಈ ನಾಯಿ ಕಾಟ ತಡೆಯಕ್ಕಾಗ್ತಿಲ್ಲ. ಬಂದ ಭಕ್ತರು ವಾಪಸ್ ಹೋಗ್ತಿದ್ದಾರೆ.”

“ಏನ್ ಮಾಡಾಣ ಅಂತೀಯ?”

“ನಾಯಿ ಇರೋ ತನಕ ಇಲ್ಲಿ ಧ್ಯಾನ ನಡಿಯಲ್ಲ.”

“ನಾಯಿ ಹೋದ್ರೆ ಷಡಕ್ಷರಿನೂ ಹೋಗ್ತಾನೆ.”

ಗುರುಮಲ್ಲ ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡ. ಆ ಕೊಡವಿದ ಸದ್ದು ಗುರುಗಳಿಗೆ ಚೆನ್ನಾಗಿಯೇ ಕೇಳಿಸಿತು.

“ಸರಿ, ಹಂಗಾದ್ರೆ. ಬರೋ ಹುಣ್ಣಿಮೆ ಸಂಜೆ ಪ್ರಸಾದಕ್ಕೆ ಜನ ಬರ್ತಾರೆ. ಅಷ್ಟರೊಳಗೆ ಅದು ಸುಮ್ಮನಿರೋದು ಕಲೀಲಿ. ಕಲೀದಿದ್ರೆ ನಾಯಿ, ನಾಯಿಯ ಒಡೆಯ, ಇಬ್ಬರೂ ಬೇರೆ ಕಡೆ ಹೊರಡ್ಲಿ.”

“ಆಗ್ಲಿ ಬುದ್ಧಿ.”

“ಕಲಿಸೋನು ನೀನೇ.”

ಗುರುಮಲ್ಲ ತಲೆ ತಗ್ಗಿಸಿದ. ಅವನ ಮುಖದಲ್ಲಿ ಬೆಳಕು ಮೂಡಿದ್ದು ಮಂಜು ಕಣ್ಣಿಗೆ ಕಾಣುವಂತಿರಲಿಲ್ಲ.

ಮೊದಲ ದಿನ ಅವನು ನಾಯಿಯನ್ನು ಗದರಿದ. “ಏಯ್, ಸುಮ್ಕಿರು!” ಅದು ಇನ್ನಷ್ಟು ಬೊಗಳಿತು. ಅವನು ಇನ್ನೂ ಜೋರಾಗಿ ಕೂಗಿದ. ಅದೂ ಬಿಡಲಿಲ್ಲ.

ಒಳಗಿನಿಂದ ಗುರುಗಳ ದನಿ ಬಂತು. “ಗುರುಮಲ್ಲ, ನೀನೂ ಶುರು ಮಾಡಿದ್ರೆ ಅದಕ್ಕೆ ಜೊತೆ ಸಿಕ್ಕಂಗಾಯ್ತು ಕಣಪ್ಪ.”

ಅಲ್ಲಿದ್ದವರು ನಕ್ಕರು. ಷಡಕ್ಷರಿಯೂ ನಕ್ಕ. ಗುರುಮಲ್ಲನಿಗೆ ಮೈ ಉರಿಯಿತು.

ಅಂದು ಮಧ್ಯಾಹ್ನ ಅವನಿಗೊಂದು ಉಪಾಯ ಹೊಳೆಯಿತು. ಕಲಿಸಲೇಬೇಕಲ್ಲ? ಕಲಿಸೋಣ. ಏನನ್ನು ಎಂಬುದು ತನಗೆ ಬಿಟ್ಟದ್ದು.

ಪೂಜೆಯ ಕೊಬ್ಬರಿಯನ್ನು ಸಣ್ಣ ಚೂರು ಮಾಡಿ ಶಲ್ಯದ ತುದಿಗೆ ಗಂಟು ಹಾಕಿಕೊಂಡ. ಜಿಮ್ಮಿ ಬೊಗಳಿದಾಗಲೆಲ್ಲ ಒಂದು ಚೂರು ಕೊಟ್ಟ. ಸುಮ್ಮನಿದ್ದರೆ ಏನೂ ಇಲ್ಲ. ಮತ್ತೆ ಬೊಗಳಿದರೆ ಮತ್ತೊಂದು ಚೂರು.

ನಾಯಿ ಜಾಣ. ಎರಡೇ ದಿನದಲ್ಲಿ ಪಾಠ ಕಲಿಯಿತು. ಗಾಳಿಗೆ ಬಾಗಿಲು ಅಲ್ಲಾಡಿದರೂ ಬೊಗಳಿ, ತಿರುಗಿ ಗುರುಮಲ್ಲನ ಮುಖ ನೋಡತೊಡಗಿತು.

ಷಡಕ್ಷರಿ ಅದನ್ನು ಕಂಡು ಹತ್ತಿರ ಬಂದ. “ಅಣ್ಣಾ, ನಿಮಗೆ ಜಿಮ್ಮಿ ಕಂಡ್ರಾಗಲ್ಲ ಅಂದ್ಕೊಂಡಿದ್ದೆ. ನೀವು ನೋಡಿದ್ರೆ ಕೈಯಾರೆ ತಿನ್ನಿಸ್ತೀರ. ನಮ್ಮವ್ವ ಹೋದ್ಮೇಲೆ ಅದು ಯಾರ ಕೈಲೂ ಹಿಂಗೆ ತಿಂದಿರ್ಲಿಲ್ಲ.”

“ಬುದ್ಧಿಯೋರು ಹೇಳಿದ್ದಾರಲ್ಲ, ಕಲಿಸ್ತಿದ್ದೀನಿ” ಎಂದ ಗುರುಮಲ್ಲ. ಕಣ್ಣು ಮಾತ್ರ ನೆಲದ ಮೇಲಿತ್ತು.

ದಿನ ಕಳೆದಂತೆ ಜಿಮ್ಮಿ ಗುರುಗಳ ಮಡಿಲು ಬಿಟ್ಟಿತು. ಗುರುಮಲ್ಲನ ಹಿಮ್ಮಡಿಗೆ ಅಂಟಿಕೊಂಡಿತು. ಅವನು ನೀರು ಸೇದಲು ಹೋದರೆ ಬಾವಿಯ ಕಟ್ಟೆಯ ಬಳಿ ಕಾಯುತ್ತಿತ್ತು. ಅವನು ಉಣ್ಣುವಾಗ ಬಾಗಿಲಲ್ಲಿ ಕೂರುತ್ತಿತ್ತು. ಮಲಗಿದರೆ ಅವನ ಚಾಪೆಯ ತುದಿಯಲ್ಲಿ ಮಲಗುತ್ತಿತ್ತು.

ಮೊದಮೊದಲು ಅದನ್ನು ಕಾಲಿನಲ್ಲಿ ಸರಿಸುತ್ತಿದ್ದ. ಆಮೇಲೆ ಬಿಟ್ಟ. ನಿಜ ಹೇಳಬೇಕೆಂದರೆ ಅವನಿಗೂ ಅದು ಹಿತವಾಗಿತ್ತು. ತನಗಾಗಿ ಕಾದು ಕೂತವರನ್ನು ಅವನು ಈ ಬದುಕಿನಲ್ಲಿ ಕಂಡಿರಲಿಲ್ಲ.

ಆದರೂ ಕೊಬ್ಬರಿಯ ಗಂಟು ಬಿಚ್ಚುವುದನ್ನು ಅವನು ನಿಲ್ಲಿಸಲಿಲ್ಲ. ಹುಣ್ಣಿಮೆ ಹತ್ತಿರವಾಗುತ್ತಿತ್ತು. ಷಡಕ್ಷರಿ ಚೀಲ ಹೆಗಲಿಗೇರಿಸಿಕೊಂಡು ಹೋಗುವುದನ್ನು ಅವನು ದಿನಕ್ಕೆ ಹತ್ತು ಸಲ ಕಣ್ಣ ಮುಂದೆ ತಂದುಕೊಳ್ಳುತ್ತಿದ್ದ.

ಹುಣ್ಣಿಮೆಯ ದಿನ ಬೆಳಗಾಯಿತು.

ಗುರುಗಳು ಮೆಟ್ಟಿಲ ತುದಿಗೆ ಬಂದು ಎಂದಿನಂತೆ ಎಡಗೈ ಚಾಚಿದರು. ಗುರುಮಲ್ಲ ತನ್ನ ಕೈ ಮುಂದೆ ಮಾಡಿದ.

ಅಷ್ಟು ದಿನ ಹಿಂದೆ ನಿಂತು ಬೊಗಳುತ್ತಿದ್ದ ಜಿಮ್ಮಿ ಇಂದು ಇಬ್ಬರ ನಡುವೆ ನುಗ್ಗಿತು. ಗುರುಗಳನ್ನೇ ನೋಡಿ ಬೊಗಳಿತು. ಅವರ ಪಂಚೆಯ ಅಂಚು ಕಚ್ಚಿ ಹಿಂದಕ್ಕೆಳೆಯಿತು.

ಗುರುಮಲ್ಲ ಕೈ ಹಿಂತೆಗೆದ. ಅದು ಸುಮ್ಮನಾಯಿತು.

ಮತ್ತೆ ಕೈ ಚಾಚಿದ. ಮತ್ತೆ ಬೊಗಳಿತು.

“ಏಯ್! ಬುದ್ಧಿಯೋರು ಕಣೋ ಅವರು!”

ಅದಕ್ಕೆ ಬುದ್ಧಿಯವರಾದರೇನು, ಯಾರಾದರೇನು. ಗುರುಮಲ್ಲನ ಕೈಗೆ ಇನ್ನೊಂದು ಕೈ ತಾಗಬಾರದು, ಅಷ್ಟೇ. ಮೂರನೆಯ ಸಲ, ನಾಲ್ಕನೆಯ ಸಲವೂ ಅದೇ ಪಾಡು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಗುರುಗಳ ಕೈ ಗಾಳಿಯಲ್ಲೇ ಉಳಿಯಿತು.

ಗದ್ದಲಕ್ಕೆ ಷಡಕ್ಷರಿ ಓಡಿ ಬಂದ.

ಗುರುಗಳು ಕೈ ಇಳಿಸಿ ಕೇಳಿದರು. “ಈ ನಾಯಿ ಯಾರದು?”

“ನಂದೇ, ಬುದ್ಧಿ” ಎಂದ ಷಡಕ್ಷರಿ. ಅವನ ದನಿ ಸಣ್ಣಗಾಗಿತ್ತು. “ಮಾತು ಮಾತೇ. ನಾನು ಚೀಲ ತಗೊಂಡು ಬರ್ತೀನಿ.”

“ತಡಿ. ಕರಿ ಅದನ್ನ.”

“ಜಿಮ್ಮಿ, ಬಾ. ಬಾ ಮರಿ.”

ಜಿಮ್ಮಿ ಬಾಲ ಅಲ್ಲಾಡಿಸಿತು. ಆದರೆ ಜಾಗ ಬಿಟ್ಟು ಕದಲಲಿಲ್ಲ.

“ಗುರುಮಲ್ಲ, ನೀನು ನಾಕು ಹೆಜ್ಜೆ ಆಚೆ ಹೋಗು.”

ಗುರುಮಲ್ಲ ಹೋದ. ಜಿಮ್ಮಿ ಅವನ ಹಿಂದೆಯೇ ನಾಲ್ಕು ಹೆಜ್ಜೆ ಹೋಗಿ, ಅವನ ಪಾದದ ಮೇಲೆ ಕುಳಿತಿತು.

“ಈಗ ಹೇಳು. ಯಾರದು?”

ಗುರುಮಲ್ಲನಿಗೆ ಗುರುಗಳ ಮಾತು ನೆನಪಾಯಿತು. ನಾಯಿ ಮತ್ತು ನಾಯಿಯ ಒಡೆಯ. ತಾನು ಷಡಕ್ಷರಿಗಾಗಿ ಕಟ್ಟಿಟ್ಟ ಬುತ್ತಿ ಈಗ ತನ್ನ ಕೈಯಲ್ಲೇ ಇತ್ತು. ನಾಳೆ ಬೆಳಗ್ಗೆ ಗುರುಗಳ ಕೈಯನ್ನು ಇನ್ನೊಬ್ಬ ಹಿಡಿಯುತ್ತಾನೆ. ತಾನು ಯಾವುದೋ ಬಸ್ ನಿಲ್ದಾಣದಲ್ಲಿ ಕೂತಿರುತ್ತೇನೆ.

“ನಂದು, ಬುದ್ಧಿ” ಎಂದ.

“ಶಲ್ಯದ ತುದೀಲಿ ಏನದು?”

ಗುರುಮಲ್ಲ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ.

“ಕಣ್ಣು ಕಾಣದಿದ್ರೆ ಮೂಗೂ ಇಲ್ಲ ಅಂದ್ಕೊಂಡ್ಯಾ? ಇಪ್ಪತ್ತು ದಿನದಿಂದ ನನ್ನ ಪಕ್ಕ ಕೊಬ್ಬರಿ ವಾಸನೆ.”

ಗುರುಮಲ್ಲ ಅಲ್ಲೇ ನೆಲದ ಮೇಲೆ ಕುಳಿತ. ಎಲ್ಲವನ್ನೂ ಹೇಳಿದ. ಬೊಗಳಿದ್ದಕ್ಕೆ ಚೂರು ಕೊಟ್ಟದ್ದು, ಯಾಕೆ ಕೊಟ್ಟದ್ದು, ‘ಇನ್ನೊಂದು ಸಲ’ ಎಂಬ ಮಾತು ಕೇಳಿದಾಗಲೆಲ್ಲ ಏನಾಗುತ್ತಿತ್ತು ಎಂಬುದನ್ನೂ ಹೇಳಿದ. ಷಡಕ್ಷರಿ ಬಾಯಿ ತೆರೆದು ಕೇಳುತ್ತಾ ನಿಂತ.

“ಬಟ್ಟೆ ಗಂಟು ಕಟ್ಕೊಳ್ಳಾ, ಬುದ್ಧಿ?”

“ಸಂಜೆ ತನಕ ಹೊತ್ತಿದೆ. ಮೊದಲು ನನ್ನ ಸ್ನಾನ ಆಗ್ಲಿ.”

“ಮುಟ್ಟಕ್ಕೇ ಬಿಡ್ತಿಲ್ವಲ್ಲ, ಬುದ್ಧಿ.”

“ಯಾಕೆ ಬಿಡ್ತಿಲ್ಲ?”

“ನಾನು ಕಲಿಸಿದ ಚಾಳಿ.”

“ಬೊಗಳೋದು ನೀನು ಕಲಿಸಿದ್ದು. ಹೆದರೋದೂ ನೀನೇ ಕಲಿಸಿದ್ಯಾ?”

ಗುರುಮಲ್ಲ ನಾಯಿಯನ್ನು ನೋಡಿದ. ಅದು ನಡುಗುತ್ತಿತ್ತು. ಇಷ್ಟು ದಿನ ಅದರ ಬಾಯಿಯನ್ನಷ್ಟೇ ನೋಡಿದ್ದ. ನಡುಗುವುದನ್ನು ಇಂದೇ ಕಂಡ.

“ಅದು ಒಂದು ಮಡಿಲು ಕಳ್ಕೊಂಡು ಬಂದಿರೋ ಜೀವ” ಎಂದರು ಗುರುಗಳು. “ಈಗ ಅದಕ್ಕೆ ಗೊತ್ತಿರೋದು ನಿನ್ನ ಕೈ ಒಂದೇ.”

ಗುರುಮಲ್ಲ ಜಿಮ್ಮಿಯ ಬೆನ್ನು ಸವರಿದ. ಬಿಸಿಲು ಮೇಲಿನ ಮೆಟ್ಟಿಲಿಗೆ ಬಂತು.

ಕೊನೆಗೆ ಎದ್ದು ಶಲ್ಯದ ಗಂಟು ಬಿಚ್ಚಿದ. ಕೊಬ್ಬರಿಯನ್ನೆಲ್ಲ ಷಡಕ್ಷರಿಯ ಕೈಗೆ ಸುರಿದ. ಸುರಿಯುವಾಗ ಅವನ ಕೈ ಒಂದು ಗಳಿಗೆ ತಡೆಯಿತು. ನಾಯಿಯೂ ಕೈ ತಪ್ಪುತ್ತದಲ್ಲ ಎನಿಸಿತು. ಆದರೂ ಸುರಿದ.

“ನಾನು ಬುದ್ಧಿಯೋರ ಕೈ ಹಿಡೀತೀನಿ. ಅದು ಬೊಗಳಿದ್ರೆ ಬಿಟ್ಬಿಡ್ತೀನಿ, ನೀನೂ ಏನೂ ಕೊಡಬೇಡ. ಉಸಿರು ಎಳ್ಕೊಳ್ಳೋಕೆ ಒಂದು ಗಳಿಗೆ ಸುಮ್ಮನಾಗುತ್ತಲ್ಲ, ಆಗ ಕೊಡು.”

“ಸುಮ್ಮನಾಗದಿದ್ರೆ, ಅಣ್ಣಾ?”

“ಆಗೋ ತನಕ ನಿಂತಿರ್ತೀನಿ.”

ಕೈ ಚಾಚಿದ, ಬೊಗಳಿತು. ಯಾರೂ ಗದರಲಿಲ್ಲ. ಬೊಗಳಿ ಬೊಗಳಿ ಅದು ಉಸಿರಿಗೆ ನಿಂತಿತು. ಷಡಕ್ಷರಿ ಚೂರು ಕೊಟ್ಟ. ಜಿಮ್ಮಿ ಗುರುಮಲ್ಲನ ಮುಖ ನೋಡಿತು, ಷಡಕ್ಷರಿಯ ಕೈ ನೋಡಿತು, ತಿಂದಿತು.

ಮತ್ತೆ ಅದೇ ಆಟ. ಹತ್ತು ಸಲ, ಇಪ್ಪತ್ತು ಸಲ. ಗುರುಗಳು ಮೆಟ್ಟಿಲ ಮೇಲೆ ಆರಾಮಾಗಿ ಕುಳಿತು, ಕೇಳಿದಾಗಲೆಲ್ಲ ಕೈ ಕೊಟ್ಟರು. ಒಂದು ಸಲ ತಾವೇ ಒಂದು ಚೂರು ಇಸಿದುಕೊಂಡು ತಿನ್ನಿಸಿದರು. ಇನ್ನೊಂದನ್ನು ತಾವೇ ತಿಂದರು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಗುರುಮಲ್ಲ ಗುರುಗಳ ಎಡಗೈ ಹಿಡಿದ. ಜಿಮ್ಮಿ ಬೊಗಳಲಿಲ್ಲ. ತಿರುಗಿ ಷಡಕ್ಷರಿಯ ಕೈ ನೋಡಿತು.

ಗುರುಗಳು ಎದ್ದರು. ಅಭ್ಯಾಸದಂತೆ ಬಲಗೈ ಗೋಡೆಯನ್ನು ತಡಕಿತು. ಒರಟು ಕಲ್ಲಿನ ಮೇಲೆ ಆ ಹಳೆಯ ಅಂಗೈ ಉಜ್ಜಿದ ಸದ್ದು ಗುರುಮಲ್ಲನಿಗೆ ಕೇಳಿಸಿತು. ಹನ್ನೊಂದು ವರ್ಷ ದಿನಾ ಕೇಳಿದ್ದ ಸದ್ದು.

ಅವನು ನಿಂತುಬಿಟ್ಟ.

“ಷಡಕ್ಷರಿ.”

“ಏನಣ್ಣಾ?”

“ನೀನು ಗೋಡೆ ಕಡೆ ಬಾ. ಬುದ್ಧಿಯೋರ ಬಲಗೈ ಹಿಡ್ಕೊ.”

ಷಡಕ್ಷರಿ ಹಿಂಜರಿದ. “ಬುದ್ಧಿಯೋರ ನಡಿಗೆ ನನಗೆ ತಿಳಿಯಲ್ವಲ್ಲ, ಅಣ್ಣಾ.”

“ಹೇಳ್ಕೊಡ್ತೀನಿ. ಏಳನೇ ಮೆಟ್ಟಿಲು ಸ್ವಲ್ಪ ಎತ್ತರ, ಅಲ್ಲಿ ನಿಲ್ತಾರೆ. ಇಪ್ಪತ್ತನೇದು ಜಾರುತ್ತೆ, ಗಟ್ಟಿಯಾಗಿ ಹಿಡೀಬೇಕು. ಅವಸರ ಮಾಡಬಾರದು.”

ಮೂವರೂ ಇಳಿದರು. ಜಿಮ್ಮಿ ಒಂದು ಮೆಟ್ಟಿಲು ಮುಂದೆ ಇಳಿಯುವುದು, ನಿಂತು ತಿರುಗಿ ನೋಡುವುದು. ಗುರುಗಳು ಗುಟ್ಟಾಗಿ ನಗುತ್ತಿದ್ದರು. ಗುರುಮಲ್ಲನ ಹೊಟ್ಟೆಯೊಳಗಿನ ಉರಿ ಪೂರ್ತಿ ಆರಿರಲಿಲ್ಲ. ಷಡಕ್ಷರಿ ಇಪ್ಪತ್ತನೆಯ ಮೆಟ್ಟಿಲಲ್ಲಿ ಚೆನ್ನಾಗಿ ಹಿಡಿದಾಗ ಅದು ಒಮ್ಮೆ ತಿವಿಯಿತು ಕೂಡ. ಅವನು ಮೆಟ್ಟಿಲು ನೋಡಿಕೊಂಡು ಇಳಿದ.

ಸಂಜೆ ಪ್ರಸಾದಕ್ಕೆ ಜನ ಬಂದರು. ಬಾಗಿಲ ಪಕ್ಕ ಒಂದು ಗೋಣಿತಾಟು ಹಾಸಿ ಗುರುಮಲ್ಲ ಜಿಮ್ಮಿಯನ್ನು ಕೂರಿಸಿದ್ದ. ಒಳಗೆ ಬರುವವರ ಕೈಗೆ ಒಂದೊಂದು ಚೂರು ಕೊಬ್ಬರಿ ಕೊಟ್ಟು, “ಅದು ಸುಮ್ಮನಿದ್ರೆ ಮಾತ್ರ ಹಾಕಿ” ಎನ್ನುತ್ತಿದ್ದ. ಜಿಮ್ಮಿ ಎರಡು ಸಲ ಗುರ್ ಎಂದಿತು. ಬೊಗಳಲಿಲ್ಲ.

ಜನರೆಲ್ಲ ಹೋದ ಮೇಲೆ ಗುರುಮಲ್ಲ ಹರಳೆಣ್ಣೆಯ ಬಟ್ಟಲು ತಂದು ಗುರುಗಳ ಮುಂದೆ ಕುಳಿತ. ಕಂಕುಳಲ್ಲಿ ಬಟ್ಟೆಯ ಗಂಟೂ ಇತ್ತು.

“ನಾಯಿ ಸುಮ್ಮನಾಯ್ತು, ಬುದ್ಧಿ. ನಾನು ಮಾಡಿದ್ದು ಮಾತ್ರ ತಪ್ಪು. ಹೋಗು ಅಂದ್ರೆ ಹೋಗ್ತೀನಿ. ಕೊನೇ ಸಲ ಕೈ ಕೊಡಿ, ಎಣ್ಣೆ ಹಚ್ತೀನಿ.”

ಗುರುಗಳು ಬಲಗೈ ಚಾಚಿ, ಅಂಗೈಯನ್ನು ದೀಪದ ಬೆಳಕಿಗೆ ಹಿಡಿದರು.

“ಹೋಗೋ ಮಾತು ಬಿಡು, ಗುರುಮಲ್ಲ. ಇವತ್ತು ಎಣ್ಣೆ ಬೇಡ. ಗೋಡೆ ಹಿಡಿಯೋ ಕೆಲಸ ಬೀಳಲಿಲ್ಲ.”