ನಾತಗೆರೆ

ಕೋಡಿಗುಡ್ಡದ ಬುಡದಲ್ಲಿರುವ ಕೆರೆಯ ನೀರು ಇಂದು ತಿಳಿಯಾಗಿದೆ. ದನಗಳು ಕುಡಿಯುತ್ತವೆ, ಹೆಂಗಸರು ಬಟ್ಟೆ ಒಗೆಯುತ್ತಾರೆ, ಮೂಗಿಗೆ ಬಡಿಯುವಂಥದ್ದು ಏನೂ ಇಲ್ಲ. ಆದರೂ ಸುತ್ತಲಿನ ಊರುಗಳಲ್ಲಿ ಇದಕ್ಕೆ ನಾತಗೆರೆ ಎಂದೇ ಹೆಸರು. ಹೊಸಬರು ಹೆಸರು ಕೇಳಿ ಮುಖ ಸಿಂಡರಿಸುತ್ತಾರೆ. ಕಥೆ ಕೇಳಿದ ಮೇಲೆ ಇನ್ನಷ್ಟು ಸಿಂಡರಿಸುತ್ತಾರೆ, ಅದು ನ್ಯಾಯವೇ.

ಹಿಂದೆ ಒಮ್ಮೆ, ಈ ಸೀಮೆಯನ್ನು ಒಬ್ಬ ಪಾಳೆಯಗಾರ ಆಳುತ್ತಿದ್ದಾಗ, ಕೆರೆಯಂಚಿನ ಜವುಗಿನ ತುಂಬ ಒಂದೆಲಗ ಹಬ್ಬಿತ್ತಂತೆ. ಬುದ್ಧಿ ಮಂಕಾಗದಂತೆ ಕಾಯುವ ಸೊಪ್ಪು ಅದು ಎಂದು ಜನರ ನಂಬಿಕೆ. ಬೇರಿಗೆ ಕೈ ಹಾಕದೆ, ಬೇಕಾದಷ್ಟೇ ಎಲೆ ಕಿತ್ತುಕೊಂಡು ಹೋಗುವುದು ರೂಢಿ. ದಿನವೂ ಬೆಳಿಗ್ಗೆ ತಪ್ಪದೆ ಬರುತ್ತಿದ್ದವಳು ಶಾಸನ ಕೊರೆಯುವ ಮಾಚೋಜನ ಹೆಂಡತಿ ಕಾಳವ್ವ. ಬಂಡೆಯಿಂದ ಬಿದ್ದು ತಲೆಗೆ ಪೆಟ್ಟಾದಂದಿನಿಂದ ಮಾಚೋಜನಿಗೆ ಮರೆವು ಹತ್ತಿಕೊಂಡಿತ್ತು. ಉಂಡದ್ದು ನೆನಪಿರುತ್ತಿರಲಿಲ್ಲ, ಮನೆಯ ದಾರಿ ತಪ್ಪುತ್ತಿತ್ತು. ಕಾಳವ್ವ ಎಲೆ ಅರೆದು, ರಸ ಹಿಂಡಿ, ಹಾಲಿನಲ್ಲಿ ಬೆರೆಸಿ ಕುಡಿಸತೊಡಗಿದ ಮೇಲೆ ಮರೆವು ಅಲ್ಲಿಗೇ ನಿಂತಿತು. ಕಲಿತ ಅಕ್ಷರ ಕೈಬಿಡಲಿಲ್ಲ, ಉಳಿ ಹಿಡಿಯುವ ಹದ ಕೆಡಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಅವಳನ್ನು 'ಕಾಳೀ' ಎಂದು ಕರೆಯುವುದು ನಿಲ್ಲಲಿಲ್ಲ. ಆಕೆಗೆ ಅಷ್ಟೇ ಸಾಕಾಗಿತ್ತು.

ಪಾಳೆಯಗಾರನಿಗೆ ಯಾವ ಮರೆವೂ ಇರಲಿಲ್ಲ. ಇದ್ದದ್ದು ಹೊಗಳಿಸಿಕೊಳ್ಳುವ ಚಟ. ತನ್ನಂಥ ಜ್ಞಾನಿ ಭೂಮಿಯ ಮೇಲೆ ಇನ್ನೊಬ್ಬನಿರಬಾರದು ಎಂದು ಹೊಳೆದದ್ದೇ ತಡ, ಕೆರೆಯ ಒಂದೆಲಗವೆಲ್ಲ ಅರಮನೆಗೆ ಸೇರಿದ್ದೆಂದು ಡಂಗುರ ಹೊಡೆಸಿದ. ಆಳುಗಳು ಗುದ್ದಲಿ ಹಿಡಿದು ಬೇರುಸಮೇತ ಅಗೆದು ತಂದು ಹಂಡೆ ಹಂಡೆ ರಸ ಹಿಂಡಿದರು. ಮಹಾರಾಯ ಒಂದು ಗುಟುಕು ಕುಡಿದು, ಕಹಿ ಎಂದು ಥೂ ಎಂದು ಉಗಿದು, ಬೆಲ್ಲ ಬಾಯಿಗೆ ಹಾಕಿಕೊಂಡನಂತೆ! ಹಾಗೆಂದು ಉಳಿದವರಿಗೆ ಕೊಟ್ಟನೇ? ಹಂಡೆಗಳಿಗೆ ಕಾವಲು ಹಾಕಿಸಿದ. ಕಾಳವ್ವ ಅರಮನೆಯ ಬಾಗಿಲಲ್ಲಿ ನಿಂತು, "ಒಂದ್ ಬಟ್ಲು ಕೊಡ್ರಪ್ಪಾ, ನಮ್ಮನೆಯೋರ್ನ ಉಳಿಸ್ಕಂತೀನಿ" ಎಂದು ಅಂಗಲಾಚಿದಳು. ಕಾವಲಿನವರು ಅಟ್ಟಿದರು. ಅದೇ ವಾರ ಮಾಚೋಜನಿಗೆ ಅಪ್ಪಣೆ ಬಂತು: ಕೆರೆಗೆ ಜ್ಞಾನಸಾಗರವೆಂದು ಹೆಸರಿಟ್ಟಿದೆ, ಏರಿಯ ಮೇಲೆ ಕಲ್ಲು ನಿಲ್ಲಿಸಿ ದೊರೆಯ ಕೀರ್ತಿ ಕೊರೆಯತಕ್ಕದ್ದು. ಎಂಥ ನಾಚಿಕೆಗೇಡು!

ಬಿಸಿಲಿಗೆ ಹಂಡೆಯ ರಸ ಹುಳಿಯಿತು, ನೊರೆಯೆದ್ದಿತು, ಹುಳ ಬಿತ್ತು. ಅದನ್ನೂ ಹಿಪ್ಪೆಯ ರಾಶಿಯನ್ನೂ ತಂದು ಕೆರೆಗೇ ಸುರಿಸಿದರು. ನೀರು ಲೋಳೆಗಟ್ಟಿತು, ಮೀನು ಸತ್ತು ದಡಕ್ಕೆ ಬಂದು ಕೊಳೆಯಿತು, ಹಾದಿಹೋಕರು ಅಲ್ಲೇ ವಾಂತಿ ಮಾಡಿಕೊಂಡರು. ಪಾಳೆಯಗಾರ ಶಾಸನ ನೋಡಲು ಬಂದದ್ದು ಮೂಗಿಗೆ ಅಂಗವಸ್ತ್ರ ಒತ್ತಿಕೊಂಡು. ಕಲ್ಲಿನ ಮುಂದೆ ಮಾಚೋಜ ಸುಮ್ಮನೆ ಕುಳಿತಿದ್ದ.

"ಯಾಕಲೇ ಕೆಲಸ ನಿಲ್ಸೀಯ?" ಎಂದು ದೊರೆ ಗದರಿದ.

ಮಾಚೋಜ ಕೈಯಲ್ಲಿದ್ದ ಉಳಿಯನ್ನು ತಿರುಗಿಸಿ ನೋಡಿ, ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದ: "ಇದರಾಗೆ ಏನ್ ಮಾಡ್ತಾರೆ ತಾಯೀ? ನೀನ್ ಯಾರ ಪೈಕಿ?"

ಕಾಳವ್ವ ಅಳಲಿಲ್ಲ. ಅದುವರೆಗೆ ಒಡೆಯನೆಂದು 'ಬುದ್ಧೀ' ಎನ್ನುತ್ತ ಕೈಮುಗಿಯುತ್ತಿದ್ದವಳು ದೊರೆಯ ಕಾಲ ಬಳಿ ಕ್ಯಾಕರಿಸಿ ಉಗಿದಳು. "ಮೂಗ್ ಯಾಕ್ ಮುಚ್ಕಂತೀಯ? ನಿನ್ನ ಜ್ಞಾನದ ನಾತ ಇದು. ಕುಡಿ" ಎಂದಳು. ಆಮೇಲೆ ಗಂಡನ ಕೈ ಹಿಡಿದು, "ಬಾರಪ್ಪಾ, ಮನೆಗೆ ಹೋಗಾನ" ಎಂದು ಕರೆದಳು. ಪರಸ್ಥಳದ ಹೆಂಗಸಿನ ಹಿಂದೆ ಹೋಗುವವನಂತೆ ಅವನು ಸಂಕೋಚಪಡುತ್ತ ಹೋದ ಎನ್ನುತ್ತಾರೆ. ಅಂದಿನಿಂದ ಜನ ಕೆರೆಯನ್ನು ಆಕೆಯ ಮಾತಿನಲ್ಲೇ ಕರೆದರು.

ಎಷ್ಟೋ ಮಳೆಗಾಲಗಳು ಕೆರೆಯನ್ನು ತೊಳೆದಿವೆ, ಒಂದೆಲಗ ಮಾತ್ರ ಮತ್ತೆ ಹುಟ್ಟಲಿಲ್ಲ. ಏರಿಯ ಮೇಲೆ ಆ ಕಲ್ಲು ಈಗಲೂ ನಿಂತಿದೆ. ಮೊದಲ ಸಾಲಿನ ಅಕ್ಷರಗಳು ಮುತ್ತು ಪೋಣಿಸಿದಂತಿವೆ. ಎರಡನೆಯ ಸಾಲು ಸೊಟ್ಟಗಾಗಿ ಕೆಳಗೆ ಜಾರುತ್ತದೆ, ಕೊನೆಕೊನೆಗೆ ಓದಲು ಬರುವುದಿಲ್ಲ. ಅದರ ಕೆಳಗೆ ಇರುವುದು ಉಳಿಯ ಬರಿಯ ಗುಳಿಗಳು. ಪಾಳೆಯಗಾರನ ಹೆಸರು ಬರಬೇಕಾಗಿದ್ದದ್ದು ಅಲ್ಲಿ ಎನ್ನುತ್ತಾರೆ. ಅವನ ಹೆಸರು ಏನೆಂದು ಇಂದು ಯಾರಿಗೂ ಗೊತ್ತಿಲ್ಲ.