ಸುಡುಗಾಡಿನ ಸಂಬಳ

ಪುರಸಭೆಯ ಹೊಸ ಅಧಿಕಾರಿ ಫಣಿಶಯನರು ಮಟಮಟ ಮಧ್ಯಾಹ್ನ ಸುಡುಗಾಡಿನಿಂದ ಒಂದೇ ಚಪ್ಪಲಿಯಲ್ಲಿ ಓಡಿಬಂದರು. ಯಾಕೆ, ಊಹಿಸಿ ನೋಡೋಣ. ಆಗಲಿಲ್ಲವೇ? ಕೇಳಿ ಹಾಗಾದರೆ.

ಸುಡುಗಾಡು ಕಾಯುವವನ ಸಂಬಳಕ್ಕೆ ಕತ್ತರಿ ಹಾಕಲು ಅವರು ಹೋಗಿದ್ದರು. ಆ ಸುದ್ದಿ ಅವನಿಗೆ ಬೆಳಿಗ್ಗೆಯೇ ಮುಟ್ಟಿತ್ತು. ಮಗಳ ನರ್ಸಿಂಗ್ ಓದು ನಿಂತಿದ್ದೇ ಆ ಸಂಬಳದ ಮೇಲೆ. ಅವನು ಚಿತೆಗೆ ಬೆಂಕಿಯಿಟ್ಟು ಕಾದ.

"ಎಂ.ಕಾಂ. ಮಾಡಿದ ನನಗೇ ಶುರುವಿನ ಸಂಬಳ, ಕಡಿತ ಹೋಗಿ ಕೈಗೆ ಬರೋದು ಮೂವತ್ತು ಸಾವಿರ. ಕಟ್ಟಿಗೆ ಒಟ್ಟೋ ನಿನಗೆ ಇಪ್ಪತ್ತೇ? ಯಾರು ಬೇಕಾದರೂ ಮಾಡೋ ಕೆಲಸ ಇದು. ಇನ್ನು ಮೇಲೆ ಹತ್ತು."

"ನಿಜ ಸ್ವಾಮಿ. ಹಂಗಾದ್ರೆ ಈ ಬಿದಿರು ಗಳ ಹಿಡ್ಕಳಿ, ಟೀ ಕುಡಿದು ಬತ್ತೀನಿ. ಅವರು ಎದ್ದು ಕೂತ್ರೆ 'ಯಜಮಾನ್ರೇ, ಮಲಗಿ' ಅಂತ ಹೇಳಿ ಮೆಲ್ಲಗೆ ಒತ್ತಿ. ಹೇಳದೆ ಮುಟ್ಟಿದ್ರೆ ಬೇಜಾರು ಮಾಡ್ಕತಾರೆ."

"ಯಾರು?"

"ಚಿತೆ ಮೇಲಿರೋರು."

ಅವನು ಗೇಟಿನಾಚೆ ಟೀ ಬಾಯಿಗಿಡುವಷ್ಟರಲ್ಲಿ ಅಧಿಕಾರಿ ಓಡಿಬಂದರು. ಮುಖ ಬೂದಿಯಾಗಿತ್ತು.

"ಇಪ್ಪತ್ತೇ ಇರಲಿ ಮಾರಾಯ. ಅದು ಎದ್ದು ಕೂತು, 'ನಿನಗೆ ಕೈಗೆಷ್ಟು ಬರುತ್ತೆ' ಅಂತ ನನ್ನನ್ನೇ ಕೇಳಿತು."

ಅವನಿಗೆ ನಗು ತಡೆಯಲಾಗಲಿಲ್ಲ. ಚಿತೆಯಲ್ಲಿ ಹೆಣವೇ ಇರಲಿಲ್ಲ. ಬರೀ ಕಟ್ಟಿಗೆ ಒಟ್ಟಿ, ಮೇಲೊಂದು ಹಳೇ ಪಂಚೆ ಹೊದಿಸಿದ್ದ. ನಗುತ್ತಲೇ ಬೆಂಕಿ ಆರಿಸಲು ಹೋದ.

"ಸಂಬಳ ಉಳೀತೇನಪ್ಪಾ?" ಎಂದಿತು ಬೆಂಕಿಯೊಳಗಿನ ದನಿ.

ಅವನ ನಗು ಅಲ್ಲೇ ನಿಂತಿತು. ನೆಲದಲ್ಲಿ ಬಿದ್ದಿದ್ದ ಗಳ ಎತ್ತಿಕೊಂಡ.

"ಉಳೀತು ಯಜಮಾನ್ರೇ. ಮಲಗಿ."

ಇದು ನಡೆದದ್ದು ೨೦೧೯ರ ಸೆಪ್ಟೆಂಬರ್ ೨೮, ಶನಿವಾರ. ಮಹಾಲಯ ಅಮಾವಾಸ್ಯೆ.